ಬಸ್ಯೂನಿಯ ಬೆಕ್ಕಿಗೆ ಮೀನಾಗದು

ಅಲೆಕ್ಸಾಂಡ್ರಿಯಾದಲ್ಲಿ ತನ್ನದರಂಥ ಮೀನಿನ ಹೋಟೆಲು ಇನ್ನೊಂದಿಲ್ಲ ಎಂದು ನನ್ನ ತಮ್ಮ ಹಾಜಿ ಬಸ್ಯೂನಿಯ ನಂಬಿಕೆ. ಅದನ್ನು ಊರಿಗೆಲ್ಲ ಸಾರಲು ದೇವರು ತನಗೆ ಇಷ್ಟು ದೊಡ್ಡ ಗಂಟಲು ಕೊಟ್ಟಿದ್ದಾನೆ ಎಂಬುದೂ ಅವನ ನಂಬಿಕೆಯೇ. ಕಡಲಂಚಿನ ಬಹರಿ ಕೇರಿಯ ನಮ್ಮ ಬೀದಿಯಲ್ಲಿ ಮೀನು ಹುರಿಯುವವರಿಗೆ ಬರವಿಲ್ಲ. ಎಲ್ಲರೂ ಬೆಳಿಗ್ಗೆ ಹೋಗಿ ನಿಲ್ಲುವುದು ಒಂದೇ ಮಂಡಿಯಲ್ಲಿ, ಎಲ್ಲರೂ ತರುವುದು ಒಂದೇ ದೋಣಿಯಿಂದ ಇಳಿದ ಮೀನು. ಆದರೂ ಬಸ್ಯೂನಿಯ ಬುಟ್ಟಿಗೆ ಬಿದ್ದ ತಕ್ಷಣ ಆ ಮೀನಿನ ಕುಲವೇ ಬದಲಾಗಿಬಿಡುತ್ತದಂತೆ.

ಇದಕ್ಕೆಲ್ಲ ಅವನು ಇಟ್ಟುಕೊಂಡಿದ್ದ ಸಾಕ್ಷಿ ಒಂದು ಬೆಕ್ಕು. ಜೀರಿಗೆಯ ಬಣ್ಣ, ಹಾಗಾಗಿ ಹೆಸರೂ ಜೀರಿಗೆಯೇ: ಕಮ್ಮೂನ್. ಹೋಟೆಲಿನ ಬಾಗಿಲಲ್ಲಿ ಐಸಿನ ಮೇಲೆ ಮೀನು ಹರಡಿದ ಓರೆ ಹಲಗೆ, ಅದರ ಪಕ್ಕದಲ್ಲಿ ಎತ್ತರದ ಒಂದು ಸ್ಟೂಲು, ಸ್ಟೂಲಿನ ಮೇಲೆ ಕಮ್ಮೂನ್. ಹೊಸ ಗಿರಾಕಿ ಬಂದು ನಿಂತರೆ ಸಾಕು, ಬಸ್ಯೂನಿ ಒಂದು ಪುಟ್ಟ ಬೂರಿ ಮೀನಿನ ಬಾಲ ಹಿಡಿದೆತ್ತಿ ನಾಟಕ ಶುರುಮಾಡುತ್ತಿದ್ದ.

"ನೋಡಿ ಸ್ವಾಮಿ, ನನ್ನ ಮಾತು ನಂಬಬೇಡಿ. ನಾನು ವ್ಯಾಪಾರಿ, ಸುಳ್ಳು ಹೇಳ್ಬಹುದು. ಈ ಬೆಕ್ಕು ಸುಳ್ಳು ಹೇಳುತ್ತಾ? ನಿನ್ನೆಯ ಮೀನು ಕೊಟ್ರೆ ಮುಖ ತಿರುಗಿಸಿಬಿಡುತ್ತೆ!"

ಕಮ್ಮೂನ್ ಮೂಸುತ್ತಿತ್ತು, ತಿನ್ನುತ್ತಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಮೇಲಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ ಇದನ್ನು ವರ್ಷಾನುಗಟ್ಟಲೆ ನೋಡಿದ್ದೇನೆ. ಆ ಬೆಕ್ಕು ಯಾವತ್ತೂ ಯಾವುದಕ್ಕೂ ಮುಖ ತಿರುಗಿಸಿದ್ದನ್ನು ಕಂಡಿಲ್ಲ. ಮೀನು ಕಟ್ಟಿಕೊಟ್ಟ ಹಳೇ ಪೇಪರನ್ನೂ ಅದು ಅಷ್ಟೇ ಭಕ್ತಿಯಿಂದ ತಿನ್ನುತ್ತಿತ್ತು.

ಕಳೆದ ಚಳಿಗಾಲದ ಹೊತ್ತಿಗೆ ಕಮ್ಮೂನ್ ಕೆರೆದುಕೊಳ್ಳಲು ಶುರುಮಾಡಿತು. ಮೊದಲು ಕಿವಿಯ ಬುಡ, ಆಮೇಲೆ ಕತ್ತು, ಕೊನೆಗೆ ಕಣ್ಣಿನ ಮೇಲ್ಭಾಗ. ಕೂದಲು ಉದುರಿ ಚರ್ಮ ಕೆಂಪಗಾಯಿತು, ಕೆರೆದಲ್ಲೆಲ್ಲ ಹಕ್ಕಳೆ ಕಟ್ಟಿತು. ಬಸ್ಯೂನಿ ವೈದ್ಯಕ್ಕೆ ಇಳಿದ. ಗಂಧಕವನ್ನು ಎಣ್ಣೆಯಲ್ಲಿ ಕಲಸಿ ಬಳಿದ. ಚಿಗಟದ ಪುಡಿ ಎರಚಿದ. ಎದುರುಗಡೆ ಮೀನು ಹುರಿಯುವ ಝಗ್ಲೂಲನ ಕಣ್ಣು ಬಿದ್ದಿದೆ ಎಂದು ಕೊರಳಿಗೆ ನೀಲಿ ಮಣಿ ಕಟ್ಟಿದ. ಝಗ್ಲೂಲನಿಗೆ ಎರಡು ಕಣ್ಣಿಗೂ ಪೊರೆ ಬಂದಿದೆ. ಬೆಕ್ಕಿರಲಿ, ತನ್ನ ಬಾಣಲೆಯೇ ಅವನಿಗೆ ಸರಿಯಾಗಿ ಕಾಣುವುದಿಲ್ಲ. ಇಷ್ಟಾದರೂ ಗುಣವಾಗದಿದ್ದಾಗ ಬಸ್ಯೂನಿ ತನ್ನ ಮಹಾ ಔಷಧ ಹೊರತೆಗೆದ.

"ನಿಶ್ಶಕ್ತಿ ಆಗಿದೆ ಅದಕ್ಕೆ. ಒಳ್ಳೊಳ್ಳೆ ಮೀನು ಹಾಕ್ಬೇಕು."

ಹಾಕಿದ. ಬೆಕ್ಕಿನ ಕತ್ತು ಸುಲಿದ ಮಾಂಸದಂತಾಯಿತು.

ಒಂದು ಶುಕ್ರವಾರ ಕೈರೋದಿಂದ ಬಂದ ಸಂಸಾರವೊಂದು ಮೀನು ಆರಿಸಲು ನಿಂತಿತ್ತು. ಬಸ್ಯೂನಿ ಎಂದಿನಂತೆ ಬೂರಿ ಎತ್ತಿದ. ಸಂಸಾರದ ಹೆಂಗಸು ಬೆಕ್ಕನ್ನು ನೋಡಿದಳು, ಮೀನನ್ನು ನೋಡಿದಳು, ಗಂಡನ ತೋಳು ಹಿಡಿದೆಳೆದಳು.

"ದಿನಾ ಇವನ ಮೀನು ತಿಂದೇ ಅಲ್ವೇನ್ರೀ ಇದಕ್ಕೆ ಹೀಗಾಗಿರೋದು? ನಡೀರಿ, ಎದುರುಗಡೆ ಹೋಗೋಣ."

ಅವರು ನೇರವಾಗಿ ಝಗ್ಲೂಲನ ಕಡೆಗೇ ಹೋದರು. ಬಸ್ಯೂನಿಯ ಮುಖದ ಬಣ್ಣವನ್ನು ನಾನು ಬಾಲ್ಕನಿಯಿಂದಲೇ ಕಂಡೆ. ಅವರು ಕುರ್ಚಿ ಎಳೆದು ಕೂರುವಷ್ಟರಲ್ಲಿ ಅವನು ತನ್ನ ಅಡುಗೆಯಾಳು ಝನಾತಿಯನ್ನು ಕೂಗಿ, "ಈ ದರಿದ್ರವನ್ನ ಗೋಣಿಚೀಲಕ್ಕೆ ಹಾಕ್ಕೊಂಡು ದೂರ ಎಲ್ಲಾದ್ರೂ ಬಿಟ್ಟು ಬಾ" ಎಂದ. ಅಷ್ಟು ವರ್ಷ ಅವನ ಪರವಾಗಿ ಸಾಕ್ಷಿ ಹೇಳಿದ ಪ್ರಾಣಿ ಅದು.

ನನಗೆ ಬೆಕ್ಕುಗಳ ಮೇಲೆ ಅಂಥ ಪ್ರೀತಿಯೇನಿಲ್ಲ. ನನ್ನ ತಮ್ಮನ ಮೇಲಿನ ಸಿಟ್ಟು ಮಾತ್ರ ಚಿಕ್ಕಂದಿನಿಂದ ಜೋಪಾನವಾಗಿ ಬೆಳೆಸಿದ್ದು. ತರಕಾರಿ ಎಳೆದುಕೊಳ್ಳುವ ಬುಟ್ಟಿಯನ್ನು ಹಗ್ಗದಲ್ಲಿ ಸರಸರ ಕೆಳಗಿಳಿಸಿದೆ.

"ಝನಾತಿ, ಆ ಚೀಲ ಬುಟ್ಟಿಲಿಡು."

"ಅಮ್ಮಾ, ಹಾಜಿಯವರು..."

"ಹಾಜಿಯವರ ಚಡ್ಡಿ ತೊಳೆದು ಬೆಳೆಸಿದವಳು ನಾನು. ಇಡು ಅಂದ್ರೆ ಇಡು."

ಬೀದಿಯೆಲ್ಲ ನಕ್ಕಿತು. ಚೀಲ ಮೇಲೆ ಬಂತು.

ಮರುದಿನ ರಮಲ್ ಸ್ಟೇಷನ್ ಹತ್ತಿರದ ಪಶುವೈದ್ಯೆ ಡಾಕ್ಟರ್ ಇರಿನಿಯ ಬಳಿಗೆ ಹೋದೆ. ಸಣ್ಣ ವಯಸ್ಸಿನ, ಗಡಸು ಮಾತಿನ ಹೆಂಗಸು. ಬಾಚಣಿಗೆಯಿಂದ ಬಾಚಿ ಚಿಗಟ ಹುಡುಕಿದಳು, ಚರ್ಮ ಕೆರೆದು ಗಾಜಿನ ಮೇಲಿಟ್ಟು ಕಜ್ಜಿಯ ಹುಳು ಹುಡುಕಿದಳು. ಎರಡೂ ಇರಲಿಲ್ಲ. ಕೀವಾಗಿದ್ದ ಗಾಯಗಳಿಗೆ ಔಷಧ ಕೊಟ್ಟು, ಕೆರೆದುಕೊಳ್ಳದಂತೆ ಕೊರಳಿಗೊಂದು ಪ್ಲಾಸ್ಟಿಕ್ ಲಾಳಿಕೆ ಕಟ್ಟಿದಳು.

"ಏನು ತಿನ್ನುತ್ತೆ ಇದು?"

"ಮೀನು. ಸಿಗಡಿ. ಗಿರಾಕಿಗಳು ಎಸೆದ್ರೆ ಕೋಳಿ, ದನದ ಲಿವರ್."

"ಮೊಲದ ಮಾಂಸ ತಿಂದಿದ್ಯಾ ಯಾವತ್ತಾದ್ರೂ?"

"ನನ್ನ ತಮ್ಮನ ಮನೇಲಿ ಮೊಲ ಮಾಡಿದ್ರೆ ಮೂಳೆ ಕೂಡ ಉಳಿಯಲ್ಲ ಡಾಕ್ಟರೇ. ಬೆಕ್ಕಿನವರೆಗೂ ಎಲ್ಲಿ ಬರುತ್ತೆ?"

ಅವಳು ನಗಲಿಲ್ಲ. "ಹಾಗಾದ್ರೆ ಇನ್ನು ಮೊಲ ಒಂದೇ. ಇದಕ್ಕೆ ತಿನ್ನೋದು ಯಾವುದೋ ಆಗಿಬರ್ತಿಲ್ಲ ಅಂತ ನನ್ನ ಅನುಮಾನ. ಬೆಕ್ಕುಗಳಿಗೆ ಹೆಚ್ಚಾಗಿ ಆಗದೇ ಇರೋದೇ ದನ, ಮೀನು, ಕೋಳಿ."

"ರಕ್ತ ಪರೀಕ್ಷೆ ಮಾಡಿ ಹೇಳಕ್ಕಾಗಲ್ವಾ?"

"ಮಾಡೋರಿದ್ದಾರೆ. ನಾನು ನಂಬಲ್ಲ. ಇದರ ಪರೀಕ್ಷೆ ತಟ್ಟೇಲೇ ಆಗ್ಬೇಕು. ಎರಡು ತಿಂಗಳು ಬೇಯಿಸಿದ ಮೊಲ, ನಾನು ಕೊಡೋ ಪುಡಿ, ನೀರು. ಬರೀ ಮಾಂಸ ಸಾಲಲ್ಲ, ಅದಕ್ಕೇ ಪುಡಿ. ಉಪ್ಪಿಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ಒಂದು ಚೂರು ಬೇರೆ ನೆಕ್ಕಿದ್ರೂ ಮಾಡಿದ್ದೆಲ್ಲ ನೀರುಪಾಲು. ಕಡಿಮೆಯಾದ್ಮೇಲೆ ಹಳೇ ಊಟ ಮತ್ತೆ ಕೊಟ್ಟು ನೋಡ್ಬೇಕು. ತುರಿಕೆ ವಾಪಸ್ ಬಂದ್ರೆ ಮಾತ್ರ ಖಾತ್ರಿ."

ಸಂಜೆಯೊಳಗೆ ವಿಷಯ ಬಸ್ಯೂನಿಯ ಕಿವಿಗೆ ಬಿತ್ತು. ಅವನು ಹೋಟೆಲಿನ ಮುಂದೆ ಕುರ್ಚಿ ಹಾಕಿಕೊಂಡು, ಹುಕ್ಕಾ ಸೇದುತ್ತ ಬೀದಿಗೇ ಭಾಷಣ ಬಿಗಿದ.

"ಕೇಳಿದ್ರೇನ್ರಪ್ಪೋ! ಬೆಕ್ಕಿಗೆ ಮೀನಾಗಲ್ವಂತೆ! ನಾಳೆ ಆ ಡಾಕ್ಟರಮ್ಮ ಕತ್ತೆಗೆ ಹುಲ್ಲಾಗಲ್ಲ ಅಂತಾಳೆ, ಮೀನಿಗೆ ನೀರಾಗಲ್ಲ ಅಂತಾಳೆ! ನಮ್ಮಕ್ಕ ಹೋಗಿ ಕಿವಿ ಕೊಟ್ಕೊಂಡು ಕೂತು ಬಂದಿದ್ದಾಳೆ!"

ನಾನು ಬಾಲ್ಕನಿಗೆ ಬಂದೆ. "ಬಸ್ಯೂನಿ, ನಿನಗೆ ಬುದ್ಧಿಮಾತು ಆಗಿಬರಲ್ಲ ಅಂತ ಅಮ್ಮನೂ ಹೇಳ್ತಿದ್ಲು. ಅದಕ್ಕೇನೂ ಡಾಕ್ಟರು ಬೇಕಾಗಲಿಲ್ಲ."

ಅಲ್ಲಿಂದ ನನ್ನ ಅಡುಗೆಮನೆ ಬೆಕ್ಕಿನ ಅಡುಗೆಮನೆಯಾಯಿತು. ಕೋಳಿ ಅಂಗಡಿಯ ಹೆಂಗಸು ನನಗಾಗಿ ಮೊಲ ಕಡಿದಿಡುತ್ತಿದ್ದಳು. ಬೇಯಿಸಿ, ಎಲುಬು ಬಿಡಿಸಿ, ಪುಡಿ ಕಲಸಿ ಇಟ್ಟರೆ ಕಮ್ಮೂನ್ ಮೂಸಿ ನನ್ನ ಮುಖ ನೋಡುತ್ತಿತ್ತು, ಮೀನೆಲ್ಲಿ ಎಂಬಂತೆ. ಮೊದಲ ದಿನ ಮುಟ್ಟಲಿಲ್ಲ. ನಾನು ಹೆದರಿ ಡಾಕ್ಟರಿಗೆ ಫೋನ್ ಮಾಡಿದೆ. ಬೆಕ್ಕನ್ನು ಉಪವಾಸ ಕೆಡವಬೇಡಿ, ಬಿಸಿಮಾಡಿ ಸ್ವಲ್ಪಸ್ವಲ್ಪವೇ ಕೊಡಿ ಎಂದಳು. ಬಿಸಿಮಾಡಿ ಬೆರಳ ತುದಿಯಲ್ಲಿ ಹಿಡಿದೆ. ನೆಕ್ಕಿತು. ಆಮೇಲೆ ಬೆರಳನ್ನೂ ಸ್ವಲ್ಪ ಕಚ್ಚಿತು.

ಗಾಯ ಒಣಗುತ್ತ ಬಂತು. ಆದರೆ ತುರಿಕೆ ಒಂದು ವಾರ ಇಳಿದರೆ ಮರುವಾರ ಏರುತ್ತಿತ್ತು. ಏನು ತಪ್ಪಾಗುತ್ತಿದೆ ಎಂದು ನನಗೆ ತಲೆ ಕೆಟ್ಟುಹೋಯಿತು. ಪಾತ್ರೆಗಳನ್ನು ಮತ್ತೆ ಮತ್ತೆ ಉಜ್ಜಿ ತೊಳೆದೆ. ನನ್ನ ಊಟವನ್ನು ಬಾಗಿಲು ಹಾಕಿಕೊಂಡು ಉಂಡೆ.

ಒಂದು ಮಧ್ಯಾಹ್ನ ಮಲಗಿದ್ದವಳಿಗೆ ಬಾಲ್ಕನಿಯಲ್ಲಿ ಏನೋ ಟಕ್ಕೆಂದ ಸದ್ದು ಕೇಳಿಸಿತು. ಎದ್ದು ಹೋಗಿ ನೋಡಿದರೆ ಮೇಲಿನ ಮಹಡಿಯಿಂದ ಒಂದು ಬುಟ್ಟಿ ಇಳಿದಿದೆ. ಬುಟ್ಟಿಯೊಳಗೆ ಸುಲಿದ ಸಿಗಡಿ. ಬುಟ್ಟಿಯೊಳಗೇ ಕಮ್ಮೂನಿನ ತಲೆ, ಪ್ಲಾಸ್ಟಿಕ್ ಲಾಳಿಕೆ ಸಮೇತ. ನಾನು ಕತ್ತೆತ್ತಿ ನೋಡಿದೆ. ಬಸ್ಯೂನಿಯ ಹೆಂಡತಿ ರತೀಬ ಹಗ್ಗ ಹಿಡಿದು ಕಂಬನಿ ತುಂಬಿಕೊಂಡು ನಿಂತಿದ್ದಳು.

"ಏನೇ ಇದು, ಕಳ್ಳಿ!"

"ಪಾಪ ಅತ್ತಿಗೆ, ಬಾಯಿಲ್ಲದ ಪ್ರಾಣಿ. ಬೀದಿಯೆಲ್ಲ ಹುರಿದ ವಾಸನೆ, ಅದೊಂದಕ್ಕೆ ಮಾತ್ರ ಒಣ ಮೊಲ. ನನ್ನ ಹೊಟ್ಟೆ ಚುರ್ ಅನ್ನಲ್ವಾ?"

"ನಿನ್ನ ಹೊಟ್ಟೆ ಚುರ್ ಅಂದ್ರೆ ನೀನು ತಿನ್ನು! ಆ ಕತ್ತು ನೋಡು. ನಿನ್ನ ದಯೆಯ ಗುರುತು ಅದು, ಇನ್ನೂ ಕೆಂಪಗಿದೆ!"

ಅವಳು ಅಳುತ್ತ ಒಳಗೆ ಹೋದಳು. ಅಳುವುದು ಅವಳಿಗೆ ಉಸಿರಾಡಿದಷ್ಟೇ ಸಲೀಸು. ಉಪಕಾರ ಮಾಡಿದೆ ಎಂಬ ತೃಪ್ತಿಗಾಗಿ ಒಂದು ಜೀವದ ಚರ್ಮ ಸುಲಿದುಹೋದರೂ ಚಿಂತೆಯಿಲ್ಲ ಎನ್ನುವಂಥ ಕರುಣೆಯ ಜನ ಇವರು. ನಾನು ಬಾಲ್ಕನಿಗೆ ಜಾಲರಿ ಹೊಡೆಸಿದೆ. ಡಾಕ್ಟರ್ ಇರಿನಿ ಫೋನಿನಲ್ಲಿ ನಿಟ್ಟುಸಿರು ಬಿಟ್ಟು, "ಮೊದಲಿಂದ ಶುರು ಮಾಡಿ" ಎಂದಳು. ಶುರುಮಾಡಿದೆ.

ಜಾಲರಿ ಬಂದ ಮೇಲೆ ನಿಜವಾದ ಗುಣ ಕಾಣಿಸಿತು. ಬೇಸಿಗೆ ಕಾಲಿಡುವ ಹೊತ್ತಿಗೆ ಹಕ್ಕಳೆ ಉದುರಿ, ಅದರಡಿಯಲ್ಲಿ ಹೊಸ ಕೂದಲು ಮೆತ್ತಗೆ ಮೂಡಿತು. ಲಾಳಿಕೆ ತೆಗೆದಾಗ ಕಮ್ಮೂನ್ ಮನೆಯೆಲ್ಲ ಓಡಾಡಿ, ಕೊನೆಗೆ ನನ್ನ ಪ್ರಾರ್ಥನೆಯ ಚಾಪೆಯ ಮೇಲೆ ಬೆನ್ನು ಕೆಳಗಾಗಿ ಬಿದ್ದು ನಿದ್ದೆಹೋಯಿತು. ಅಷ್ಟು ದಿನ ಅದು ಕೆರೆದುಕೊಳ್ಳದೆ ಒಂದು ನಿದ್ದೆ ಪೂರ್ತಿ ಮಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಪ್ರಾರ್ಥನೆ ಆ ಹೊತ್ತು ನೆಲದ ಮೇಲೇ ಆಯಿತು.

ಇನ್ನು ಮೀನು ಕೊಟ್ಟು ಪರೀಕ್ಷಿಸುವುದು ಬಾಕಿ. ಡಾಕ್ಟರ್ ಎರಡು ಸಲ ಕೇಳಿದಳು. ನನಗೆ ಕೈ ಬರಲಿಲ್ಲ. ನೆಮ್ಮದಿಯಾಗಿ ಮಲಗಿದ್ದನ್ನು ಎಬ್ಬಿಸಿ ಮತ್ತೆ ರಕ್ತ ಬರಿಸುವುದೇ?

ಆ ಕೆಲಸವನ್ನು ನನ್ನ ತಮ್ಮ ಮಾಡಿಕೊಟ್ಟ.

ಕೈರೋದಲ್ಲಿ ಒಬ್ಬ ಮಹಾಶಯನಿದ್ದಾನೆ. ಊರೂರು ತಿರುಗಿ ಹೋಟೆಲುಗಳಲ್ಲಿ ಊಟ ಮಾಡುವುದು, ಮಾಡುವಾಗ ಕಣ್ಣು ಮುಚ್ಚಿ "ಆಹಾ" ಎನ್ನುವುದು, ಅದನ್ನು ಲಕ್ಷಾಂತರ ಜನ ಫೋನಿನಲ್ಲಿ ನೋಡುವುದು. ಅದೇ ಅವನ ಕಸುಬು. ಅವನು ಬಸ್ಯೂನಿಯ ಹೋಟೆಲಿಗೆ ಬರುತ್ತೇನೆಂದು ಹೇಳಿ ಕಳಿಸಿದ. "ನಿಮ್ಮ ಹೆಸರಾಂತ ಬೆಕ್ಕು ಇರುತ್ತೆ ತಾನೇ?" ಎಂದೂ ಕೇಳಿದ.

ಬಸ್ಯೂನಿ ಮೆಟ್ಟಿಲು ಹತ್ತಿ ಬಂದ. ಕಮ್ಮೂನ್ ಕಿಟಕಿಯಲ್ಲಿ ಹೊಳೆಯುತ್ತ ಕುಳಿತಿತ್ತು.

"ನೋಡಕ್ಕಾ, ನನ್ನ ಮೀನಿನ ಶಕ್ತಿ ಹೇಗಿದೆ! ಒಳಗೆ ಸೇರಿಕೊಂಡಿತ್ತು, ಈಗ ಹೊರಗೆ ಬಂತು."

"ಏನು ಬೇಕೋ ನಿನಗೆ?"

"ಒಂದೇ ಒಂದು ದಿನಕ್ಕೆ ಬೆಕ್ಕು ಕೊಡು. ಸುಮ್ನೆ ಸ್ಟೂಲ್ ಮೇಲೆ ಕೂರೋದು, ಅಷ್ಟೆ."

"ಕೊಡಲ್ಲ. ಇಳಿ ಕೆಳಗೆ."

ಇಳಿದ. ಅಷ್ಟು ಸುಲಭವಾಗಿ ಇಳಿದದ್ದನ್ನು ಕಂಡು ನನಗೆ ಅನುಮಾನ ಬರಬೇಕಿತ್ತು. ಅದೇ ವಾರ ದಮನ್ಹೂರಿನಲ್ಲಿ ನನ್ನ ಗಂಡನ ಕಡೆಯವರೊಬ್ಬರು ತೀರಿಕೊಂಡರು. ಹೋಗಿ ಕೆಲವು ದಿನ ಇರಲೇಬೇಕಾಯಿತು. ಮೊಲದ ಮಾಂಸ ಬೇಯಿಸಿ ಫ್ರಿಜ್ಜಿನಲ್ಲಿಟ್ಟು, ಬೀಗದ ಕೈಯನ್ನು ರತೀಬಳಿಗೆ ಕೊಟ್ಟು, ಕುರ್‌ಆನ್ ಮುಟ್ಟಿಸಿ ಆಣೆ ಹಾಕಿಸಿಕೊಂಡೆ: ಬೇರೆ ಏನೂ ಹಾಕುವುದಿಲ್ಲವೆಂದು. ಅವಳು ಹಾಕಲಿಲ್ಲ. ಬೀಗದ ಕೈಯನ್ನು ಗಂಡನಿಗೆ ಕೊಟ್ಟಳು, ಅಷ್ಟೆ. ಅದರ ಬಗ್ಗೆ ಆಣೆಯಲ್ಲಿ ಮಾತೇ ಇರಲಿಲ್ಲವಲ್ಲ.

ನಾನು ವಾಪಸು ಬಂದದ್ದು ಸರಿಯಾಗಿ ಚಿತ್ರೀಕರಣದ ಮಧ್ಯಾಹ್ನ. ಬೀದಿಯಲ್ಲಿ ಜಾತ್ರೆ ಸೇರಿದಂತೆ ಜನ. ಬಸ್ಯೂನಿ ಇಸ್ತ್ರಿ ಮಾಡಿದ ಬಿಳಿ ಗಲಬಿಯಾ ತೊಟ್ಟು, ಮೀಸೆಗೆ ಎಣ್ಣೆ ಹಚ್ಚಿಕೊಂಡು ನಿಂತಿದ್ದ. ಕಮ್ಮೂನ್ ಸ್ಟೂಲಿನ ಮೇಲಿತ್ತು, ಕೊರಳಿಗೆ ಕೆಂಪು ರಿಬ್ಬನ್ನು. ನಾನು ಹೋದ ದಿನವೇ ಅದನ್ನು ಇಳಿಸಿ ತಂದು, ಅಭ್ಯಾಸ ತಪ್ಪಿರಬಾರದೆಂದು ಹೊತ್ತುಹೊತ್ತಿಗೆ ಮೀನು ತಿನ್ನಿಸಿದ್ದನಂತೆ. ರಿಬ್ಬನ್ ಯಾಕೆಂದು ನನಗೆ ದೂರದಿಂದಲೇ ಗೊತ್ತಾಯಿತು: ಕತ್ತು ಮತ್ತೆ ಕೆಂಪಾಗಿತ್ತು, ಅದನ್ನು ಮುಚ್ಚಲು.

ನಾನು ಜನರನ್ನು ತಳ್ಳಿಕೊಂಡು ಮುಂದೆ ಬರುವಷ್ಟರಲ್ಲಿ ಕೈರೋದವನು ಕ್ಯಾಮೆರಾ ಹಿಡಿಸಿಯಾಗಿತ್ತು. ಬಸ್ಯೂನಿ ಬೂರಿಯ ಬಾಲ ಹಿಡಿದೆತ್ತಿದ.

"ನನ್ನ ಮಾತು ನಂಬಬೇಡಿ ಸ್ವಾಮಿ. ನಾನು ವ್ಯಾಪಾರಿ..."

ಕಮ್ಮೂನ್ ಹಿಂಗಾಲೆತ್ತಿ ಕಿವಿ ಕೆರೆಯತೊಡಗಿತು. ನಿಲ್ಲಿಸಲೇ ಇಲ್ಲ. ರಿಬ್ಬನ್ ಬಿಚ್ಚಿ ಕೆಳಗೆ ಬಿತ್ತು. ಬಸ್ಯೂನಿ ಧ್ವನಿ ಏರಿಸಿದ. "ಈ ಬೆಕ್ಕು ಸುಳ್ಳು ಹೇಳುತ್ತಾ?" ಎನ್ನುತ್ತ ಮೀನನ್ನು ಅದರ ಮೂಗಿನ ಹತ್ತಿರ ತಂದ. ಬೆಕ್ಕು ಕತ್ತು ಮುಂದೆ ಚಾಚಿತು, ಹೊಟ್ಟೆ ಒಳಗೆ ಎಳೆದುಕೊಂಡಿತು, ಇಡೀ ಮೈ ಕುಲುಕಿಸಿ, ಐಸಿನ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ ಮೀನುಗಳ ಮೇಲೆ ಬೆಳಗಿನ ಮೀನನ್ನೆಲ್ಲ ಕಾರಿತು.

ಕೈರೋದವನು ಈ ಸಲ "ಆಹಾ" ಎನ್ನಲಿಲ್ಲ. ಕರ್ಚೀಫು ಬಾಯಿಗೆ ಹಿಡಿದು ಹಿಂದೆ ಸರಿದ. ಎದುರುಗಡೆಯಿಂದ ಝಗ್ಲೂಲ್ ಕೂಗಿದ: "ನನಗೆ ಸರಿಯಾಗಿ ಕಾಣಿಸಲಿಲ್ರಪ್ಪ, ಏನಾಯ್ತು? ಯಾರಾದ್ರೂ ಹೇಳ್ರೋ!"

ಹೇಳಲು ಬೀದಿಯೆಲ್ಲ ತಯಾರಿತ್ತು.

ನಾನು ಬೆಕ್ಕನ್ನು ಎತ್ತಿಕೊಂಡೆ. ಬಸ್ಯೂನಿಗೆ ಹೇಳಲು ದಾರಿಯುದ್ದಕ್ಕೂ ಸಿದ್ಧವಿಟ್ಟುಕೊಂಡವಳಂತೆ ನನ್ನ ಬಾಯಲ್ಲಿ ಬೈಗುಳಗಳು ಸಾಲುಗಟ್ಟಿದ್ದವು. ಅವನು ಮೀನು ಹಿಡಿದ ಕೈ ಹಾಗೇ ಗಾಳಿಯಲ್ಲಿಟ್ಟುಕೊಂಡು ನಿಂತಿದ್ದ. ಅದನ್ನು ನೋಡಿ ಒಂದನ್ನೂ ಆಡದೆ ಮೇಲೆ ಹತ್ತಿದೆ. ಕರುಣೆಯಿಂದಲ್ಲ. ಅಷ್ಟು ಜನ ಪುಕ್ಕಟೆಯಾಗಿ ಬೈಯುತ್ತಿರುವಾಗ ನನ್ನ ಗಂಟಲು ಯಾಕೆ ದಂಡ ಮಾಡಿಕೊಳ್ಳಲಿ?

ಡಾಕ್ಟರ್ ಇರಿನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವತ್ತು ಮಾತ್ರ ಅವಳು ನಕ್ಕಳು.

"ನಿಮ್ಮ ತಮ್ಮನಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳಿ. ನೀವು ಮಾಡಕ್ಕೆ ಹೆದರಿದ್ದನ್ನ ಅವರು ನೀಟಾಗಿ ಮಾಡಿದ್ದಾರೆ. ಮೀನೇ ಅಂತ ಖಾತ್ರಿಯಾಯ್ತು. ಮತ್ತೆ ಮೊಲಕ್ಕೆ ಬನ್ನಿ. ಸರಿಹೋದ್ಮೇಲೆ ಕೋಳಿ ಒಂದನ್ನೇ ಕೊಟ್ಟು ನೋಡೋಣ. ಅದು ಆಗಿಬಂದ್ರೆ ನಿಮಗೂ ಸಲೀಸು."

ಮೊಲಕ್ಕೆ ಬಂದೆವು. ಕತ್ತಿನ ಗಾಯ ಮಾಯಿತು. ಕೋಳಿಯೂ ಆಗಿಬಂತು, ಈಗ ಕಮ್ಮೂನ್ ಒಂದು ದಿನ ಮೊಲ, ಒಂದು ದಿನ ಕೋಳಿ ತಿಂದುಕೊಂಡು ಪಾಷಾನಂತೆ ಊದಿದೆ. ಮೀನು ಮಾತ್ರ ನನ್ನ ಮನೆಯ ಹೊಸ್ತಿಲು ದಾಟುವುದಿಲ್ಲ. ಬಹರಿಯಲ್ಲಿ ಹುಟ್ಟಿ ಬೆಳೆದ ನಾನೂ ಮೀನು ತಿನ್ನಬೇಕಾದರೆ ಕೆಳಗಿಳಿದು ಹೋಗಿ ತಿಂದು, ಬಾಯಿ ಮುಕ್ಕಳಿಸಿ ಬರುತ್ತೇನೆ. ತಿನ್ನುವುದು ಝಗ್ಲೂಲನ ಹತ್ತಿರ.

ಬಸ್ಯೂನಿ ಬದಲಾದನೇ ಎಂದರೆ, ಅವನು ಎಲ್ಲಿಂದಲೋ ಇನ್ನೊಂದು ಜೀರಿಗೆ ಬಣ್ಣದ ಬೆಕ್ಕು ತಂದು ಸ್ಟೂಲಿನ ಮೇಲೆ ಕೂರಿಸಿದ. ಅದಕ್ಕೂ ಕಮ್ಮೂನ್ ಎಂದೇ ಹೆಸರು. ಹಳೆಯದಕ್ಕಿಂತ ಸಣ್ಣದು, ಬಾಲದ ತುದಿ ಬೇರೆ ಬಿಳಿ. "ಇದು ಅದೇನಾ?" ಎಂದು ಯಾರಾದರೂ ಕೇಳಿದರೆ, "ಅದೇ! ಡಾಕ್ಟರ ಕೈಗೆ ಸಿಕ್ಕಿ ಸ್ವಲ್ಪ ಇಳಿದುಹೋಗಿದೆ" ಎನ್ನುತ್ತಾನೆ. ಜನ ಚಪ್ಪಾಳೆ ತಟ್ಟುತ್ತಾರೆ. ಮೀನು ತಿನ್ನಲು ಬಂದವರಿಗೆ ಬೆಕ್ಕಿನ ಬಾಲ ಕಟ್ಟಿಕೊಂಡು ಏನಾಗಬೇಕು?

ಮೊನ್ನೆ ಶುಕ್ರವಾರ ನಾನು ಮೊಲ ಹಾಕಿ ಮುಲೂಖಿಯಾ ಸೊಪ್ಪಿನ ಸಾರು ಮಾಡಿದ್ದೆ. ಬೆಕ್ಕಿನ ಪಾಲನ್ನು ಬೆಳ್ಳುಳ್ಳಿ ಒಗ್ಗರಣೆಗೆ ಮೊದಲೇ ತೆಗೆದಿಟ್ಟಿದ್ದೆ. ವಾಸನೆ ಹಿಡಿದು ಬಸ್ಯೂನಿ ಹತ್ತಿ ಬಂದ. ಬಂದವನು ಊಟಕ್ಕೆ ಕೂರಲಿಲ್ಲ. ನೇರ ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡು ನಿಂತ. ಹೊರಗೆ ಬಂದಾಗ ಕೈಗಳು ಮೊಣಕೈವರೆಗೆ ಕೆಂಪಾಗಿದ್ದವು, ನನ್ನ ನಿಂಬೆಹಣ್ಣಿನ ಸೋಪು ಅರ್ಧ ಕರಗಿತ್ತು.

"ತೊಳ್ಕೊಂಡಿದ್ದೀನಕ್ಕಾ. ಉಗುರೂ ತಿಕ್ಕಿದ್ದೀನಿ," ಎಂದ, ನನ್ನ ಮುಖ ನೋಡದೆ.

ತೆಗೆದಿಟ್ಟ ಮಾಂಸದ ಬಟ್ಟಲು ತೋರಿಸಿದೆ. ಅವನು ಆ ದೊಡ್ಡ ಹೊಟ್ಟೆಯನ್ನು ಹೇಗೋ ಮಡಿಸಿಕೊಂಡು ನೆಲದ ಮೇಲೆ ಕುಳಿತು ಒಂದೊಂದೇ ಚೂರು ಹಿಡಿದ. ಕಮ್ಮೂನ್ ಅವನ ಕೈಯನ್ನು ಮೂಸಿ, ತುಸು ಅನುಮಾನಿಸಿ, ತಿಂದಿತು. ಅವನು ಅದರ ಕಿವಿಯ ಬುಡದ ಹೊಸ ಕೂದಲನ್ನು ಒಂದು ಬೆರಳಿನಿಂದ ಸವರುತ್ತ ಕೂತ. ನನ್ನ ತಮ್ಮ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದದ್ದು ನನಗೆ ನೆನಪಿಲ್ಲ. ತಪ್ಪಾಯಿತು ಎನ್ನುವನೇನೋ ಎಂದು ಕಾದೆ. ಅಂಥ ಮಾತು ಆ ಗಂಟಲಿನಿಂದ ಬರುವುದಿಲ್ಲ.

ಆಮೇಲೆ ಎದ್ದು ಮೂರು ಜನರ ಪಾಲಿನ ಮುಲೂಖಿಯಾ ಉಂಡು ಕೆಳಗೆ ಹೋದ. ನಾನು ತಟ್ಟೆ ತೊಳೆಯುತ್ತಿರುವಾಗಲೇ ಬೀದಿಯಿಂದ ಅವನ ದನಿ ಕೇಳಿಬಂತು.

"ನಮ್ಮಕ್ಕನ ಬೆಕ್ಕಾ? ಅಯ್ಯೋ, ಅದರ ಕಥೆ ಏನ್ ಕೇಳ್ತೀರಿ ಸ್ವಾಮಿ! ಮೊಲ ತಿಂದೂ ತಿಂದೂ ಅದಕ್ಕೆ ಮೀನಿನ ರುಚೀನೇ ಮರೆತುಹೋಗಿದೆ!"